ಒಂದು ಜೀನ್‌ಗುಚ್ಛ ಹಲವು ಜೀವಿಗಳಲ್ಲಿ ಕೆಲಸ ಮಾಡಬೇಕಾದರೆ: ವಿನ್ಯಾಸದಿಂದ ಪರೀಕ್ಷೆಯವರೆಗೆ

ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ಜೀನ್‌ಗಳನ್ನು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದಿಂದ ಇ. ಕೋಲಿಗೆ ಸಾಗಿಸಬಹುದೆಂದು ರೇ ಡಿಕ್ಸನ್ ಮತ್ತು ಜಾನ್ ಪೋಸ್ಟ್‌ಗೇಟ್ 1972ರಲ್ಲಿ ತೋರಿಸಿದರು. ಸಾಗಿಸಿದ ಜೀನ್‌ಗಳು ಹೊಸ ಜೀವಿಯಲ್ಲಿಯೂ ಕೆಲಸ ಮಾಡಿದವು. ಎರಡೂ ಬ್ಯಾಕ್ಟೀರಿಯಾಗಳು ಹತ್ತಿರದ ಸಂಬಂಧಿಗಳಾಗಿದ್ದುದೇ ಇದಕ್ಕೆ ಕಾರಣ: ಒಂದರ ಡಿಎನ್‌ಎ ಸಂಕೇತಗಳನ್ನು ಇನ್ನೊಂದರ ಜೀವಕೋಶ ಬಹುಪಾಲು ಓದಬಲ್ಲದು. ಅದೇ ಜೀನ್‌ಗಳನ್ನು ದೂರದ ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಹಾಗೆಯೇ ಒಯ್ದರೆ ಏನೂ ಆಗದಿರುವ ಸಂಭವವೇ ಹೆಚ್ಚು. ಜೀನ್‌ಗಳು ಅಲ್ಲಿ ಇರುತ್ತವೆ, ಆದರೆ ಅವುಗಳನ್ನು ಓದಲು ಬೇಕಾದ ಗುರುತುಗಳು ಅಲ್ಲಿನ ಯಂತ್ರಾಂಗಕ್ಕೆ ಅರ್ಥವಾಗುವುದಿಲ್ಲ.

ಒಂದು ವಸ್ತುವನ್ನು ತಯಾರಿಸಲು ಬೇಕಾದ ಕಿಣ್ವಗಳ ಜೀನ್‌ಗಳು ಡಿಎನ್‌ಎ ಮೇಲೆ ಒಟ್ಟಿಗೆ ಜೋಡಣೆಗೊಂಡಿದ್ದರೆ ಅದನ್ನು ಜೀನ್‌ಗುಚ್ಛ ಎನ್ನುತ್ತೇವೆ. ಅಂಥ ಗುಚ್ಛವನ್ನು ಹಲವು ಆತಿಥೇಯ ಜೀವಿಗಳಲ್ಲಿ ನಡೆಯುವಂತೆ ಮರುರೂಪಿಸುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ. ಅಣುಜೀವಶಾಸ್ತ್ರದ ಮೂಲಪಾಠ ತಿಳಿದಿರುವ, ಪ್ರಯೋಗಾಲಯದ ಮೇಲ್ವಿಚಾರಣೆಯಲ್ಲಿ ಮೊದಲ ಬಾರಿಗೆ ಇಂಥ ಯೋಜನೆಗೆ ಕೈಹಾಕುತ್ತಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಿಯಂತ್ರಣದ ಭಾಗಗಳನ್ನು ಗುಚ್ಛದ ಜೊತೆಗೇ ಕಟ್ಟಿ ಕಳುಹಿಸಬಹುದು. ಕಚ್ಚಾವಸ್ತು, ಸಹಕಿಣ್ವ, ಪೊರೆ, ಆಮ್ಲಜನಕದ ಮಟ್ಟ ಇವನ್ನು ಹಾಗೆ ಕಳುಹಿಸಲಾಗದು. ಅವನ್ನು ಆತಿಥೇಯವೇ ಕೊಡಬೇಕು. ಮೊದಲನೆಯದು ವಿನ್ಯಾಸಕಾರರ ಹೊಣೆ, ಎರಡನೆಯದು ಆಯ್ಕೆಯ ಹೊಣೆ. ಸೋತ ಯೋಜನೆಗಳಲ್ಲಿ ಹೆಚ್ಚಿನವು ಈ ಎರಡನ್ನು ಒಂದಕ್ಕೊಂದು ಬೆರೆಸಿಕೊಂಡು ಸೋಲುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆ: ಆತಿಥೇಯಗಳ ಪಟ್ಟಿ ಮತ್ತು ಪರೀಕ್ಷಾ ಮಾರ್ಗ

ಡಿಎನ್‌ಎ ವಿನ್ಯಾಸಕ್ಕೆ ಕೂರುವ ಮೊದಲೇ ಯಾವ ಯಾವ ಜೀವಿಗಳಲ್ಲಿ ಗುಚ್ಛ ನಡೆಯಬೇಕು ಎಂಬುದನ್ನು ಹೆಸರಿಸಿ ಬರೆದುಕೊಳ್ಳಿ. "ಎಲ್ಲ ಜೀವಿಗಳಲ್ಲಿ" ಎಂಬ ಗುರಿ ಗುರಿಯೇ ಅಲ್ಲ. ಈ ಲೇಖನದ ಉದ್ದಕ್ಕೂ ನಾಲ್ಕು ಆತಿಥೇಯಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಇ. ಕೋಲಿ, ಸೂಡೊಮೊನಾಸ್ ಪುಟಿಡಾ, ಬ್ಯಾಸಿಲಸ್ ಸಟಿಲಿಸ್ ಮತ್ತು ಬ್ರೆಡ್ ತಯಾರಿಕೆಯ ಯೀಸ್ಟ್ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೆ. ಮೊದಲ ಎರಡು ಗ್ರಾಂ-ನೆಗೆಟಿವ್, ಮೂರನೆಯದು ಗ್ರಾಂ-ಪಾಸಿಟಿವ್, ನಾಲ್ಕನೆಯದಕ್ಕೆ ಕೋಶಕೇಂದ್ರವಿದೆ. ಡಿಎನ್‌ಎಯಲ್ಲಿ ಜಿ ಮತ್ತು ಸಿ ಪ್ರತ್ಯಾಮ್ಲಗಳ ಪಾಲು ಯೀಸ್ಟಿನಲ್ಲಿ ಸುಮಾರು ಶೇ. 38, ಬ್ಯಾಸಿಲಸ್‌ನಲ್ಲಿ ಶೇ. 43ರ ಆಸುಪಾಸು, ಇ. ಕೋಲಿಯಲ್ಲಿ ಶೇ. 51ರ ಹತ್ತಿರ, ಪುಟಿಡಾದಲ್ಲಿ ಶೇ. 61ಕ್ಕಿಂತ ಹೆಚ್ಚು. ಜೀನ್‌ನ ಬರಹ ಒಂದು ಜೀವಿಗೆ ಹಿಡಿಸಿ ಇನ್ನೊಂದಕ್ಕೆ ಹಿಡಿಸದಿರುವುದಕ್ಕೆ ಕಾರಣವೇನೆಂಬುದರ ಮೊದಲ ಸುಳಿವು ಈ ಅಂತರದಲ್ಲಿಯೇ ಇದೆ.

ಮೊದಲ ಪ್ರಯತ್ನಕ್ಕೆ ಕ್ಯಾರೊಟಿನಾಯ್ಡ್ ಮಾರ್ಗವನ್ನು ಆರಿಸಿಕೊಳ್ಳುವಂತೆ ಸಲಹೆ ಮಾಡುತ್ತೇನೆ. ಪ್ಯಾಂಟೋಯಿಯ ಕುಲದ ಬ್ಯಾಕ್ಟೀರಿಯಾಗಳಿಂದ ಬಂದ ನಾಲ್ಕು ಜೀನ್‌ಗಳು ಇದಕ್ಕೆ ಸಾಕು. ಸಿಆರ್‌ಟಿ-ಇ ಎಂಬ ಜೀನ್‌ನ ಕಿಣ್ವವು 20 ಇಂಗಾಲಗಳ ಪೂರ್ವವಸ್ತುವನ್ನು ಕಟ್ಟುತ್ತದೆ. ಸಿಆರ್‌ಟಿ-ಬಿ ಅಂಥ ಎರಡನ್ನು ಬೆಸೆದು ಬಣ್ಣವಿಲ್ಲದ ಫೈಟೋಯಿನ್ ಮಾಡುತ್ತದೆ. ಸಿಆರ್‌ಟಿ-ಐ ಅದನ್ನು ಕೆಂಪು ಲೈಕೋಪಿನ್ ಆಗಿಯೂ, ಸಿಆರ್‌ಟಿ-ವೈ ಅದನ್ನು ಕಿತ್ತಳೆ ಬಣ್ಣದ ಬೀಟಾ-ಕ್ಯಾರೊಟಿನ್ ಆಗಿಯೂ ಬದಲಿಸುತ್ತವೆ. ಮಾರ್ಗ ಎಲ್ಲಿ ನಿಂತಿದೆ ಎಂಬುದನ್ನು ಬಣ್ಣವೇ ಹೇಳುತ್ತದೆ. ಈ ಅನುಕೂಲದ ಬೆಲೆ ಏಳನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ. ಐದು ಜೀನ್‌ಗಳ ವಯೊಲಸೀನ್ ಮಾರ್ಗವೂ ಗಾಢ ನೇರಳೆ ಬಣ್ಣ ಕೊಡುತ್ತದೆ. ಆದರೆ ವಯೊಲಸೀನ್ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ಹಾನಿಕರವಾದುದರಿಂದ ನಮ್ಮ ಪಟ್ಟಿಯ ಬ್ಯಾಸಿಲಸ್‌ಗೆ ಅದು ತಕ್ಕುದಲ್ಲ. ತಾನು ತಯಾರಿಸಿದ ವಸ್ತುವಿನಿಂದಲೇ ಆತಿಥೇಯ ಸಾಯುವಂತಿದ್ದರೆ, ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಫಲಿತಾಂಶ ಶೂನ್ಯವೇ.

ಎರಡನೆಯ ಹೆಜ್ಜೆ: ಆತಿಥೇಯ ಏನು ಕೊಡಬಲ್ಲದು ಎಂದು ಕೇಳುವುದು

ಪ್ರತಿ ಆತಿಥೇಯಕ್ಕೂ ಒಂದೊಂದು ಪುಟ ಮೀಸಲಿಟ್ಟು, ಮಾರ್ಗದ ಪ್ರತಿ ಕಿಣ್ವಕ್ಕೆ ಬೇಕಾದ ಕಚ್ಚಾವಸ್ತು, ಲೋಹ, ಸಹಕಿಣ್ವ, ಉಷ್ಣತೆ ಮತ್ತು ಆಮ್ಲಜನಕದ ಅಗತ್ಯಗಳನ್ನು ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಕಚ್ಚಾವಸ್ತುವಾದ ಐದು ಇಂಗಾಲಗಳ ಐಸೊಪ್ರೆನಾಯ್ಡ್ ಘಟಕಗಳು ನಾಲ್ಕೂ ಜೀವಿಗಳಲ್ಲಿ ಇವೆ. ಮೂರು ಬ್ಯಾಕ್ಟೀರಿಯಾಗಳು ಅವನ್ನು ಪೈರುವೇಟ್‌ನಿಂದ ಆರಂಭವಾಗುವ ಎಂಇಪಿ ಮಾರ್ಗದಲ್ಲಿ ತಯಾರಿಸುತ್ತವೆ, ಯೀಸ್ಟ್ ಅಸಿಟೈಲ್-ಕೋಎಯಿಂದ ಹೊರಡುವ ಮೆವಲೊನೇಟ್ ಮಾರ್ಗದಲ್ಲಿ ತಯಾರಿಸುತ್ತದೆ. ಹೀಗಾಗಿ ಒಂದೇ ಗುಚ್ಛ ನಾಲ್ಕೂ ಕಡೆ ಪೂರ್ತಿ ಚಾಲನೆಯಾದರೂ ಇಳುವರಿ ಸಮನಾಗಿರಬೇಕೆಂದಿಲ್ಲ. ಆ ವ್ಯತ್ಯಾಸವನ್ನು ಗುಚ್ಛದ ದೋಷವೆಂದು ತಪ್ಪಾಗಿ ಓದಿ ಪ್ರಮೋಟರ್‌ಗಳನ್ನು (ಜೀನ್ ಓದುವುದು ಎಲ್ಲಿಂದ ಆರಂಭವಾಗಬೇಕೆಂದು ಹೇಳುವ ಡಿಎನ್‌ಎ ಸಾಲುಗಳನ್ನು) ಬದಲಿಸುತ್ತ ತಿಂಗಳುಗಳನ್ನು ಕಳೆಯುವುದು ಸುಲಭ.

ಇನ್ನೊಂದು ಉದಾಹರಣೆ ಈ ಹೆಜ್ಜೆಯ ತೂಕವನ್ನು ಚೆನ್ನಾಗಿ ತೋರಿಸುತ್ತದೆ. ಎರಿಥ್ರೊಮೈಸಿನ್ ಎಂಬ ಪ್ರತಿಜೀವಕದ ಮೂಲ ಚೌಕಟ್ಟನ್ನು 2001ರಲ್ಲಿ ಇ. ಕೋಲಿಯಲ್ಲಿ ತಯಾರಿಸಿದಾಗ, ಅದನ್ನು ಕಟ್ಟುವ ಮೂರು ದೈತ್ಯ ಪ್ರೋಟೀನ್‌ಗಳ ಜೀನ್‌ಗಳನ್ನು ಸೇರಿಸುವುದಷ್ಟೇ ಸಾಕಾಗಲಿಲ್ಲ. ಆ ಪ್ರೋಟೀನ್‌ಗಳ ಮೇಲೆ ಫಾಸ್ಫೊಪ್ಯಾಂಟೆಥೀನ್ ಎಂಬ ತೋಳನ್ನು ಜೋಡಿಸುವ ಕಿಣ್ವವನ್ನು ಬ್ಯಾಸಿಲಸ್ ಸಟಿಲಿಸ್‌ನಿಂದ ತರಬೇಕಾಯಿತು. ಕಚ್ಚಾವಸ್ತುಗಳನ್ನು ಒದಗಿಸುವಂತೆ ಇ. ಕೋಲಿಯ ಚಯಾಪಚಯವನ್ನೂ ತಿದ್ದಬೇಕಾಯಿತು. ಅಣುಗಳಿಗೆ ಆಮ್ಲಜನಕ ಸೇರಿಸುವ, ಸಸ್ಯಗಳ ಪಿ450 ಕಿಣ್ವಗಳೂ ಹೀಗೆಯೇ. ಅವು ಒಳಜಾಲದ ಪೊರೆಗೆ ಅಂಟಿಕೊಂಡು, ಜೊತೆಗಾರ ರಿಡಕ್ಟೇಸ್‌ನಿಂದ ಎಲೆಕ್ಟ್ರಾನ್ ಪಡೆದು ಕೆಲಸ ಮಾಡುತ್ತವೆ. ಒಳಜಾಲವಿರುವ ಯೀಸ್ಟಿನಲ್ಲಿ ಅವು ಹೆಚ್ಚು ಸಹಜವಾಗಿ ನೆಲೆಗೊಳ್ಳುತ್ತವೆ. ಮಲೇರಿಯಾ ಔಷಧದ ಪೂರ್ವವಸ್ತುವಾದ ಆರ್ಟೆಮಿಸಿನಿಕ್ ಆಮ್ಲವನ್ನು 2006ರಲ್ಲಿ ಯೀಸ್ಟಿನಲ್ಲಿ ತಯಾರಿಸಿದಾಗ, 2013ರಲ್ಲಿ ಲೀಟರಿಗೆ 25 ಗ್ರಾಂ ಇಳುವರಿ ಪ್ರಕಟವಾದಾಗ ಯೀಸ್ಟ್ ಎಂಬ ಆಯ್ಕೆಗೂ ಆ ಯಶಸ್ಸಿನಲ್ಲಿ ಪಾಲಿತ್ತು. ಸಾರಜನಕ ಸ್ಥಿರೀಕರಣದ ನೈಟ್ರೋಜಿನೇಸ್ ಕಿಣ್ವವಾದರೋ ಆಮ್ಲಜನಕ ತಗುಲಿದರೆ ಹಾಳಾಗುತ್ತದೆ. ಯಾವ ಪ್ರಮೋಟರ್ ಕೂಡ ಇದನ್ನು ಸರಿಪಡಿಸಲಾರದು.

ಈ ಪುಟಗಳಲ್ಲಿ ಯಾವುದಾದರೂ ಅಗತ್ಯ ಈಡೇರದಿದ್ದರೆ ಎರಡೇ ದಾರಿಗಳಿವೆ: ಕೊರತೆಯನ್ನು ತುಂಬುವ ಜೀನ್ ಅನ್ನು ಗುಚ್ಛಕ್ಕೆ ಸೇರಿಸಿ, ಇಲ್ಲವೇ ಆ ಆತಿಥೇಯವನ್ನು ಪಟ್ಟಿಯಿಂದ ಬಿಡಿ.

ಮೂರನೆಯ ಹೆಜ್ಜೆ: ಮೂಲ ಗುಚ್ಛವನ್ನು ಬಿಚ್ಚುವುದು

ಪ್ರಕೃತಿಯಲ್ಲಿ ದೊರೆಯುವ ಗುಚ್ಛಗಳಲ್ಲಿ ಜೀನ್‌ಗಳ ಗಡಿಗಳು ಸ್ಪಷ್ಟವಾಗಿರುವುದಿಲ್ಲ. ಒಂದು ಜೀನ್‌ನ ಕೊನೆ ಮುಂದಿನದರ ಆರಂಭದೊಳಗೆ ಹೊಕ್ಕಿರುತ್ತದೆ, ಒಂದರ ಒಳಗೆ ಇನ್ನೊಂದರ ಪ್ರಮೋಟರ್ ಅಡಗಿರುತ್ತದೆ, ಮೂಲ ಜೀವಿಯ ನಿಯಂತ್ರಕ ಪ್ರೋಟೀನ್‌ಗಳು ಬಂದು ಕೂರುವ ತಾಣಗಳು ಅಲ್ಲಲ್ಲಿ ಹರಡಿರುತ್ತವೆ. 2012ರಲ್ಲಿ ಕ್ರಿಸ್ಟೋಫರ್ ವೊಯ್ಟ್ ಅವರ ತಂಡ ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾದ 20 ಜೀನ್‌ಗಳ ಸಾರಜನಕ ಸ್ಥಿರೀಕರಣ ಗುಚ್ಛವನ್ನು ಮರುರೂಪಿಸಿದಾಗ ಅನುಸರಿಸಿದ ವಿಧಾನ ಇಂದಿಗೂ ಮಾದರಿಯಾಗಿದೆ. ಅವರು ಜೀನ್‌ಗಳ ನಡುವಿನ ಡಿಎನ್‌ಎಯನ್ನು ಪೂರ್ತಿ ತೆಗೆದರು. ಅನಿವಾರ್ಯವಲ್ಲದ ಜೀನ್‌ಗಳನ್ನೂ ಮೂಲ ನಿಯಂತ್ರಕಗಳನ್ನೂ ಕೈಬಿಟ್ಟರು. ಉಳಿದ ಜೀನ್‌ಗಳ ಪ್ರೋಟೀನ್ ಬದಲಾಗದಂತೆ ಕೋಡಾನ್‌ಗಳನ್ನು (ಒಂದೊಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದಗಳನ್ನು) ಮಾತ್ರ ಬದಲಿಸಿ, ಒಳಗೆ ಅಡಗಿರಬಹುದಾದ ಸಂಕೇತಗಳನ್ನು ಅಳಿಸಿದರು. ಬಳಿಕ ಗುಣಧರ್ಮ ತಿಳಿದಿರುವ ಭಾಗಗಳಿಂದಲೇ ನಿಯಂತ್ರಣವನ್ನು ಹೊಸದಾಗಿ ಕಟ್ಟಿದರು. ಹಾಗೆ ಕಟ್ಟಿದ ಮೊದಲ ಗುಚ್ಛದ ಚಟುವಟಿಕೆ ಮೂಲದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿತ್ತು. ಓದುಗರು ಇದನ್ನು ನೆನಪಿಡಬೇಕು, ಏಕೆಂದರೆ ನಿಮ್ಮ ಮೊದಲ ಅಳತೆಯೂ ಹೀಗೆಯೇ ಇರುವ ಸಾಧ್ಯತೆ ಇದೆ, ಮತ್ತು ಅದು ಸೋಲಲ್ಲ.

ಬಿಚ್ಚುವಾಗ ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಬ್ಯಾಕ್ಟೀರಿಯಾಗಳ ಹಲವು ಜೀನ್‌ಗಳು ಎಟಿಜಿ ಬದಲು ಜಿಟಿಜಿ ಅಥವಾ ಟಿಟಿಜಿ ಕೋಡಾನ್‌ನಿಂದ ಆರಂಭವಾಗುತ್ತವೆ. ಯೀಸ್ಟ್ ಇವನ್ನು ಆರಂಭವೆಂದು ಸರಿಯಾಗಿ ಗುರುತಿಸುವುದಿಲ್ಲವಾದ್ದರಿಂದ ಎಲ್ಲವನ್ನೂ ಎಟಿಜಿಗೆ ಬದಲಿಸಿ. ಎರಡನೆಯದಾಗಿ, ದತ್ತಕೋಶಗಳಲ್ಲಿ ನಮೂದಾದ ಆರಂಭಸ್ಥಾನ ತಪ್ಪಾಗಿರಬಹುದು. ಹತ್ತಾರು ಸಂಬಂಧಿ ಜೀವಿಗಳ ಅದೇ ಪ್ರೋಟೀನ್ ಅನ್ನು ಸಾಲಾಗಿ ಇಟ್ಟು ನೋಡಿದರೆ ನಿಜವಾದ ಆರಂಭ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಈ ಒಂದು ಗಂಟೆಯ ಕೆಲಸವನ್ನು ಬಿಟ್ಟವರು ತುದಿ ಮುರಿದ ಕಿಣ್ವವನ್ನು ನಾಲ್ಕು ಜೀವಿಗಳಲ್ಲಿ ಪರೀಕ್ಷಿಸುತ್ತ ಕೂರಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಎಲ್ಲರಿಗೂ ಓದಲು ಬರುವ ಕೋಡಾನ್‌ಗಳು

64 ಕೋಡಾನ್‌ಗಳಲ್ಲಿ 61 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ, ಮೂರು ನಿಲುಗಡೆಯನ್ನು ಸೂಚಿಸುತ್ತವೆ. ಒಂದೇ ಅಮೈನೊ ಆಮ್ಲಕ್ಕೆ ಹಲವು ಕೋಡಾನ್‌ಗಳಿರುವುದರಿಂದ ಪ್ರತಿ ಜೀವಿಗೂ ತನ್ನದೇ ಒಲವು ಇರುತ್ತದೆ. ಮಾರುಕಟ್ಟೆಯಲ್ಲಿರುವ ಬಹುತೇಕ ತಂತ್ರಾಂಶಗಳು ಒಂದು ಜೀವಿಗೆ ತಕ್ಕಂತೆ ಜೀನ್ ಅನ್ನು ತಿದ್ದಿಕೊಡುತ್ತವೆ. ನಮಗೆ ಬೇಕಾದುದು ಅದಲ್ಲ. ಯಾವ ಆತಿಥೇಯದಲ್ಲೂ ತೀರ ಅಪರೂಪವಲ್ಲದ ಕೋಡಾನ್‌ಗಳ ಸಂಗ್ರಹವೊಂದನ್ನು ಮಾಡಿಕೊಂಡು, ಅದರೊಳಗಿಂದ ಮಾತ್ರ ಆರಿಸಬೇಕು.

ಅರ್ಜಿನೈನ್ ಇದಕ್ಕೆ ಒಳ್ಳೆಯ ಪಾಠ. ಯೀಸ್ಟ್ ಅತಿ ಹೆಚ್ಚು ಬಳಸುವ ಅರ್ಜಿನೈನ್ ಕೋಡಾನ್ ಎಜಿಎ, ಇ. ಕೋಲಿಯಲ್ಲಿ ಅದೇ ಕೋಡಾನ್ ಅತಿ ಅಪರೂಪ, ಸಾಲಾಗಿ ಬಂದರೆ ರೈಬೋಸೋಮ್ ಅಲ್ಲಿಯೇ ತಡೆದು ನಿಲ್ಲುತ್ತದೆ. ಇ. ಕೋಲಿಗೆ ಪ್ರಿಯವಾದ ಸಿಜಿಸಿ ಯೀಸ್ಟಿನಲ್ಲಿ ಅಪರೂಪ. ನಡುವೆ ನಿಲ್ಲುವುದು ಸಿಜಿಟಿ: ಇ. ಕೋಲಿಗೆ ಅದು ಸಲೀಸು, ಯೀಸ್ಟಿಗೆ ಸಹ್ಯ. ಲ್ಯೂಸಿನ್‌ಗೆ ಇದೇ ಬಗೆಯಲ್ಲಿ ಟಿಟಿಜಿ ಒಂದು ಒಳ್ಳೆಯ ನಡುದಾರಿ. ಇ. ಕೋಲಿಯ ಮೆಚ್ಚಿನ ಸಿಟಿಜಿಯನ್ನು ಕ್ಯಾಂಡಿಡಾ ಆಲ್ಬಿಕನ್ಸ್ ಲ್ಯೂಸಿನ್ ಎಂದು ಓದದೆ ಸೆರಿನ್ ಎಂದು ಓದುತ್ತದೆ. ಮೈಕೊಪ್ಲಾಸ್ಮಾ ಜಾತಿಗಳು ಟಿಜಿಎ ಎಂಬ ನಿಲುಗಡೆಯ ಕೋಡಾನ್ ಅನ್ನು ಟ್ರಿಪ್ಟೊಫ್ಯಾನ್ ಎಂದು ಓದುತ್ತವೆ. ಸ್ಟ್ರೆಪ್ಟೊಮೈಸಿಸ್ ಗುಂಪಿನಲ್ಲಿ ಟಿಟಿಎ ಕೋಡಾನ್ ಅಪರೂಪವಷ್ಟೇ ಅಲ್ಲ, ಅದನ್ನು ಓದುವ ಟಿಆರ್‌ಎನ್‌ಎ ಬೆಳವಣಿಗೆಯ ತಡವಾದ ಘಟ್ಟದಲ್ಲಿ ಮಾತ್ರ ಹೇರಳವಾಗುತ್ತದೆ. ಹಾಗಾಗಿ ಟಿಟಿಎ ಇರುವ ಜೀನ್ ಅಲ್ಲಿ ತಡವಾಗಿ ಮಾತ್ರ ಪ್ರೋಟೀನ್ ಕೊಡುತ್ತದೆ. ನಿಮ್ಮ ಪಟ್ಟಿಯಲ್ಲಿ ಈ ಜೀವಿಗಳು ಇದ್ದರೆ ಅವಕ್ಕೆ ತಕ್ಕಂತೆ ಸಂಗ್ರಹವನ್ನು ಕಿರಿದುಮಾಡಿ, ನಿಲುಗಡೆಗೆ ಎಲ್ಲೆಡೆಯೂ ಟಿಎಎ ಬಳಸಿ.

ಸಂಗ್ರಹದೊಳಗೆ ಒಂದೇ ಕೋಡಾನ್ ಅನ್ನು ಪದೇ ಪದೇ ಬಳಸದೆ ಮಿಶ್ರಣ ಮಾಡಿ. ಪುನರಾವರ್ತನೆ ಹೆಚ್ಚಾದರೆ ಡಿಎನ್‌ಎ ಸಂಶ್ಲೇಷಣೆಯೂ ಕಷ್ಟ, ಜೀವಕೋಶದೊಳಗೆ ಅದರ ಸ್ಥಿರತೆಯೂ ಕಡಿಮೆ. ಬರಹ ಸಿದ್ಧವಾದ ಮೇಲೆ ಮತ್ತೊಮ್ಮೆ ಶೋಧಿಸಬೇಕಾದುವು ಇವು: ಜೀನ್‌ನ ಮೊದಲ ಹತ್ತು ಹದಿನೈದು ಕೋಡಾನ್‌ಗಳಲ್ಲಿ ಎಂಆರ್‌ಎನ್‌ಎ ಮಡಚಿಕೊಳ್ಳುವ ಪ್ರವೃತ್ತಿ, ಜೀನ್‌ನ ಒಳಗೆ ಆಕಸ್ಮಿಕವಾಗಿ ಮೂಡಿದ ಬ್ಯಾಕ್ಟೀರಿಯಾ ಪ್ರಮೋಟರ್‌ನಂಥ ಸಾಲುಗಳು, ರೈಬೋಸೋಮ್ ಕೂರುವ ತಾಣವನ್ನು ಹೋಲುವ ಎಜಿಜಿಎಜಿಜಿ, ಯೀಸ್ಟಿನ ಇಂಟ್ರಾನ್ (ಎಂಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ಭಾಗ) ಸಂಕೇತಗಳಾದ ಜಿಟಿಎಟಿಜಿಟಿ ಮತ್ತು ಟಿಎಸಿಟಿಎಎಸಿ, ಹಾಗೂ ಎಂಆರ್‌ಎನ್‌ಎಯನ್ನು ಯೀಸ್ಟ್ ಅಕಾಲದಲ್ಲಿ ಕತ್ತರಿಸುವಂತೆ ಮಾಡುವ ಉದ್ದನೆಯ ಎ-ಟಿ ಪಟ್ಟಿಗಳು. ಇವುಗಳಲ್ಲಿ ಮೊದಲನೆಯದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ. ಜೀನ್‌ನ ಉಳಿದ ಉದ್ದಕ್ಕೂ ಕೋಡಾನ್ ಆಯ್ಕೆ ಎಷ್ಟು ಚೆನ್ನಾಗಿದ್ದರೂ ಆರಂಭದ ಭಾಗ ಗಂಟುಹಾಕಿಕೊಂಡಿದ್ದರೆ ರೈಬೋಸೋಮ್ ಒಳಗೆ ಹೋಗುವುದೇ ಇಲ್ಲ.

ಐದನೆಯ ಹೆಜ್ಜೆ: ನಿಯಂತ್ರಣವನ್ನು ಜೊತೆಯಲ್ಲಿ ಕಳುಹಿಸುವುದು

ಬ್ಯಾಕ್ಟೀರಿಯಾಗಳ ಮಟ್ಟಿಗೆ ಅತಿ ಹೆಚ್ಚು ಬಳಕೆಯಲ್ಲಿರುವ ಪರಿಹಾರವೆಂದರೆ ಟಿ7 ಎಂಬ ಬ್ಯಾಕ್ಟೀರಿಯಾ-ಭಕ್ಷಕ ವೈರಸ್‌ನ ಆರ್‌ಎನ್‌ಎ ಪಾಲಿಮರೇಸ್. ಇದು 883 ಅಮೈನೊ ಆಮ್ಲಗಳ ಒಂದೇ ಪ್ರೋಟೀನ್, ಬೇರೆ ಉಪಘಟಕಗಳ ನೆರವು ಇದಕ್ಕೆ ಬೇಡ. ಆತಿಥೇಯದ ಪಾಲಿಮರೇಸ್ ಗುರುತಿಸದ ತನ್ನದೇ ಪ್ರಮೋಟರ್ ಅನ್ನು ಮಾತ್ರ ಇದು ಓದುತ್ತದೆ. ಹಾಗಾಗಿ ಪಾಲಿಮರೇಸ್ ಮತ್ತು ಅದರ ಪ್ರಮೋಟರ್‌ಗಳನ್ನು ಒಟ್ಟಿಗೆ ಒಯ್ದರೆ, ಆತಿಥೇಯ ಯಾವುದೇ ಆಗಿರಲಿ, ಎಂಆರ್‌ಎನ್‌ಎ ಬರೆಯುವ ಕೆಲಸ ನಡೆಯುತ್ತದೆ. ತೊಂದರೆ ಇರುವುದು ಪ್ರಮಾಣದಲ್ಲಿ. ಈ ಪಾಲಿಮರೇಸ್ ಹೆಚ್ಚಾದರೆ ಜೀವಕೋಶ ಸೊರಗುತ್ತದೆ, ಕಡಿಮೆಯಾದರೆ ಗುಚ್ಛ ಮೌನವಾಗಿರುತ್ತದೆ. ಪ್ರಮಾಣವನ್ನು ಆತಿಥೇಯದ ಪ್ರಮೋಟರ್ ಕೈಗೆ ಬಿಟ್ಟರೆ ಅದು ಜೀವಿಯಿಂದ ಜೀವಿಗೆ ವಿಪರೀತ ಏರುಪೇರಾಗುತ್ತದೆ. 2015ರಲ್ಲಿ ಮನೀಶ್ ಕುಶ್ವಾಹ ಮತ್ತು ಹೊವರ್ಡ್ ಸಾಲಿಸ್ ಪ್ರಕಟಿಸಿದ ವಿನ್ಯಾಸ ಇದಕ್ಕೊಂದು ಸುಂದರ ಉತ್ತರ. ಅದರಲ್ಲಿ ಟಿ7 ಪಾಲಿಮರೇಸ್ ತನ್ನ ಜೀನ್ ಅನ್ನು ತಾನೇ ಓದಿ ಹೆಚ್ಚಿಸಿಕೊಳ್ಳುತ್ತದೆ, ಜೊತೆಗಿರುವ ದಮನಕಾರಿ ಪ್ರೋಟೀನ್ ಆ ಹೆಚ್ಚಳವನ್ನು ಮಿತಿಯಲ್ಲಿ ಹಿಡಿದಿಡುತ್ತದೆ. ಆರಂಭದ ಒಂದು ಸಣ್ಣ ನೂಕುಬಲವನ್ನು ಮಾತ್ರ ಆತಿಥೇಯ ಕೊಟ್ಟರೆ ಸಾಕು. ಇ. ಕೋಲಿ, ಬ್ಯಾಸಿಲಸ್ ಸಟಿಲಿಸ್, ಸೂಡೊಮೊನಾಸ್ ಪುಟಿಡಾ ಮೂರರಲ್ಲೂ ಅದು ಕೆಲಸ ಮಾಡಿತು. ನಮ್ಮ ಪಟ್ಟಿಯ ಮೂರು ಬ್ಯಾಕ್ಟೀರಿಯಾಗಳನ್ನು ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಯೀಸ್ಟಿಗೆ ಬಂದರೆ ಈ ಉಪಾಯ ನಿಂತುಹೋಗುತ್ತದೆ. ಟಿ7 ಪಾಲಿಮರೇಸ್ ಬರೆದ ಎಂಆರ್‌ಎನ್‌ಎಗೆ ಕೋಶಕೇಂದ್ರವುಳ್ಳ ಜೀವಿಗಳ ರೈಬೋಸೋಮ್‌ಗಳು ನಿರೀಕ್ಷಿಸುವ ಮೇಲ್ಟೋಪಿ (ಎಂಆರ್‌ಎನ್‌ಎಯ ಆರಂಭದ ತುದಿಯಲ್ಲಿರುವ ರಾಸಾಯನಿಕ ಗುರುತು) ಇರುವುದಿಲ್ಲವಾದ್ದರಿಂದ ಅದು ಪ್ರೋಟೀನ್ ಆಗಿ ಸರಿಯಾಗಿ ಅನುವಾದಗೊಳ್ಳುವುದಿಲ್ಲ. ಜೊತೆಗೆ ಬ್ಯಾಕ್ಟೀರಿಯಾಗಳು ಒಂದೇ ಎಂಆರ್‌ಎನ್‌ಎಯಿಂದ ಹಲವು ಪ್ರೋಟೀನ್‌ಗಳನ್ನು ತಯಾರಿಸಿದರೆ, ಯೀಸ್ಟ್ ಸಾಮಾನ್ಯವಾಗಿ ಒಂದರಿಂದ ಒಂದನ್ನೇ ತಯಾರಿಸುತ್ತದೆ. ಎರಡೂ ಸಾಮ್ರಾಜ್ಯಗಳಿಗೆ ಹೊಂದುವ ಗುಚ್ಛ ಬೇಕಿದ್ದರೆ ಪ್ರತಿ ಜೀನ್‌ಗೂ ಪ್ರತ್ಯೇಕ ಪ್ರಮೋಟರ್ ಮತ್ತು ಟರ್ಮಿನೇಟರ್ (ಎಂಆರ್‌ಎನ್‌ಎ ಬರೆಯುವುದನ್ನು ನಿಲ್ಲಿಸುವ ಸಾಲು) ಕೊಟ್ಟು, ಯೀಸ್ಟ್ ಪ್ರಮೋಟರ್‌ನ ಕೊನೆಯ ಭಾಗದಲ್ಲಿ ಬ್ಯಾಕ್ಟೀರಿಯಾ ಪ್ರಮೋಟರ್‌ನ ಸಂಕೇತಗಳನ್ನೂ ಹೆಣೆಯಬೇಕಾಗುತ್ತದೆ. ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಎರಡರಲ್ಲೂ ನಡೆಯುವ ಇಂಥ ಸಂಶ್ಲೇಷಿತ ನಿಯಂತ್ರಕ ಭಾಗಗಳನ್ನು ಯೇಲ್ ವಿಶ್ವವಿದ್ಯಾಲಯದ ತಂಡವೊಂದು 2022ರಲ್ಲಿ ಪ್ರಕಟಿಸಿತು. ಮನುಷ್ಯರ ದೇಹದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಜೀನ್‌ಗುಚ್ಛಗಳಿಂದ ಹೊಸ ಸಂಯುಕ್ತಗಳನ್ನು ಕಂಡುಹಿಡಿಯಲು ಅದನ್ನು ಬಳಸಿಯೂ ತೋರಿಸಿತು. ಒಂದು ಆತಿಥೇಯದಲ್ಲಿ ಮೌನವಾಗಿದ್ದ ಗುಚ್ಛ ಇನ್ನೊಂದರಲ್ಲಿ ಮಾತಾಡಬಹುದು ಎಂಬ ಈ ಸಾಧ್ಯತೆಯೇ ಇಷ್ಟೆಲ್ಲ ಶ್ರಮವನ್ನು ಸಾರ್ಥಕಗೊಳಿಸುತ್ತದೆ.

ಅನುವಾದದ ಆರಂಭಕ್ಕೆ ಎರಡು ಬಗೆಯ ಜೀವಿಗಳು ಬೇರೆ ಬೇರೆ ಸಂಕೇತಗಳನ್ನು ನೋಡುತ್ತವೆ. ಬ್ಯಾಕ್ಟೀರಿಯಾದ ರೈಬೋಸೋಮ್ ಎಟಿಜಿಗೆ ತುಸು ಮೊದಲಿರುವ, 1974ರಲ್ಲಿ ಶೈನ್ ಮತ್ತು ಡಾಲ್ಗಾರ್ನೊ ಗುರುತಿಸಿದ ಎಜಿಜಿಎಜಿಜಿ ಬಗೆಯ ಸಾಲಿಗೆ ಅಂಟಿಕೊಳ್ಳುತ್ತದೆ. ಯೀಸ್ಟಿನ ರೈಬೋಸೋಮ್ ಎಂಆರ್‌ಎನ್‌ಎಯ ತುದಿಯಿಂದ ಹೊರಟು ಮೊದಲ ಎಟಿಜಿಯನ್ನು ಹುಡುಕುತ್ತ ಸಾಗುತ್ತದೆ, ಅದರ ಹಿಂದಿನ ಮೂರನೆಯ ಸ್ಥಾನದಲ್ಲಿ ಎ ಇದ್ದರೆ ಮೆಚ್ಚುತ್ತದೆ. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಲ್ಲ ಎಂಬುದೇ ನಮ್ಮ ಅದೃಷ್ಟ. ಎ ಹೆಚ್ಚಾಗಿರುವ, ಮಡಚಿಕೊಳ್ಳದ, ಬೇರೆ ಎಟಿಜಿ ಇಲ್ಲದ ಮುಂಭಾಗವನ್ನು ಬರೆದು, ಅದರಲ್ಲಿ ಎಜಿಜಿಎಜಿಜಿ ಇಟ್ಟು, ಆಮೇಲೆ ಆರೇಳು ಎ ಅಕ್ಷರಗಳ ಅಂತರ ಬಿಟ್ಟು ಎಟಿಜಿ ಬರೆದರೆ ಎರಡೂ ಕಡೆಯ ರೈಬೋಸೋಮ್‌ಗಳಿಗೆ ದಾರಿ ಸಿಗುತ್ತದೆ. ಬ್ಯಾಸಿಲಸ್ ಸಟಿಲಿಸ್ ದುರ್ಬಲ ತಾಣಗಳನ್ನು ಇ. ಕೋಲಿಯಷ್ಟು ಸಹಿಸುವುದಿಲ್ಲವಾದ್ದರಿಂದ ಆ ಸಾಲನ್ನು ಪೂರ್ಣವಾಗಿಯೇ ಬರೆಯುವುದು ಲೇಸು. ಬ್ಯಾಕ್ಟೀರಿಯಾಗಳಿಗೆ ತಾಣದ ಬಲವನ್ನು ಮುಂಚಿತವಾಗಿ ಅಂದಾಜಿಸಲು 2009ರಲ್ಲಿ ಪ್ರಕಟವಾದ ಆರ್‌ಬಿಎಸ್ ಕ್ಯಾಲ್ಕುಲೇಟರ್‌ನಂಥ ಸಾಧನಗಳಿವೆ. ಅವು ಕೊಡುವ ಅಂಕಿಯನ್ನು ಆರಂಭಬಿಂದುವೆಂದು ಸ್ವೀಕರಿಸಿ, ತೀರ್ಪೆಂದು ಸ್ವೀಕರಿಸಬೇಡಿ.

ಹಲವು ಪ್ರೋಟೀನ್‌ಗಳನ್ನು ಒಂದೇ ಎಂಆರ್‌ಎನ್‌ಎಯಿಂದ ಪಡೆಯಲು ವೈರಸ್ ಮೂಲದ 2ಎ ಪೆಪ್ಟೈಡ್‌ಗಳನ್ನು ಯೀಸ್ಟಿನಲ್ಲಿ ಬಳಸುವುದುಂಟು. ಅವು ಮೊದಲ ಪ್ರೋಟೀನ್‌ನ ತುದಿಯಲ್ಲಿ ಸುಮಾರು 20 ಅಮೈನೊ ಆಮ್ಲಗಳ ಬಾಲವನ್ನೂ, ಮುಂದಿನದರ ಆರಂಭದಲ್ಲಿ ಒಂದು ಪ್ರೋಲಿನ್ ಅನ್ನೂ ಉಳಿಸಿಹೋಗುತ್ತವೆ. ಕಿಣ್ವ ಆ ಬಾಲವನ್ನು ಸಹಿಸುತ್ತದೆಯೇ ಎಂದು ಒಂದೊಂದನ್ನಾಗಿ ಪರೀಕ್ಷಿಸದೆ ಈ ದಾರಿ ಹಿಡಿಯಬೇಡಿ. ಪ್ರಮೋಟರ್ ಬದಲಾದಾಗ ಎಂಆರ್‌ಎನ್‌ಎಯ ಮುಂಭಾಗ ಬದಲಾಗದಂತೆ ಕಾಯಲು, ಬ್ಯಾಕ್ಟೀರಿಯಾಗಳಲ್ಲಿ ತನ್ನನ್ನು ತಾನೇ ಕತ್ತರಿಸಿಕೊಳ್ಳುವ ರೈಬೋಜೆ ಎಂಬ ರೈಬೋಜೈಮ್ ಅನ್ನು ನಡುವೆ ಇಡುವುದು ಉಪಯುಕ್ತ.

ಆರನೆಯ ಹೆಜ್ಜೆ: ಜೋಡಣೆ ಮತ್ತು ಸಾಗಣೆ

ಜೋಡಣೆಯ ವಿಧಾನಗಳು ಇಂದು ಸಾಕಷ್ಟು ಪಳಗಿವೆ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಕಿಣ್ವಗಳಿಂದ ತುಣುಕುಗಳನ್ನು ಬೆಸೆಯುವ ಗಿಬ್ಸನ್ ವಿಧಾನವೋ, ಕತ್ತರಿಸುವಿಕೆ ಮತ್ತು ಬೆಸುಗೆಯನ್ನು ಒಂದೇ ನಳಿಕೆಯಲ್ಲಿ ನಡೆಸುವ ಗೋಲ್ಡನ್ ಗೇಟ್ ವಿಧಾನವೋ ನಿಮ್ಮ ಪ್ರಯೋಗಾಲಯಕ್ಕೆ ರೂಢಿಯಾದುದನ್ನು ಬಳಸಿ. ಪ್ರತಿ ಜೀನ್ ಅನ್ನೂ ಅದರ ಪ್ರಮೋಟರ್, ಟರ್ಮಿನೇಟರ್ ಸಹಿತ ಪ್ರತ್ಯೇಕವಾಗಿ ಬಿಚ್ಚಿ ಮತ್ತೆ ಕೂರಿಸುವಂತೆ ಕಟ್ಟಿದ್ದರೆ ಮುಂದೆ ತಿದ್ದುವುದು ಸುಲಭವಾಗುತ್ತದೆ. ಒಂದೇ ಪ್ರಮೋಟರ್ ಅಥವಾ ಟರ್ಮಿನೇಟರ್ ಅನ್ನು ಎರಡು ಕಡೆ ಬಳಸಬೇಡಿ. ಸಮಾನ ಸಾಲುಗಳ ನಡುವಿನ ಡಿಎನ್‌ಎಯನ್ನು ಯೀಸ್ಟ್ ಬಲು ಬೇಗ ಕಿತ್ತುಹಾಕುತ್ತದೆ. ಜೋಡಣೆ ಮುಗಿದ ಮೇಲೆ ಇಡೀ ಗುಚ್ಛದ ಅನುಕ್ರಮವನ್ನು ಓದಿಸಿ.

ಸಾಗಣೆಗೆ ಇ. ಕೋಲಿಯಿಂದ ಪುಟಿಡಾಕ್ಕೆ ಸಂಯುಗ್ಮನ (ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅಂಟಿಕೊಂಡು ಡಿಎನ್‌ಎ ದಾಟಿಸುವುದು) ಒಳ್ಳೆಯ ದಾರಿ. ಬ್ಯಾಸಿಲಸ್ ಸಟಿಲಿಸ್ ತಾನಾಗಿಯೇ ಡಿಎನ್‌ಎ ಹೀರಿಕೊಳ್ಳುತ್ತದೆ, ಯೀಸ್ಟಿಗೆ ಲೀಥಿಯಂ ಅಸಿಟೇಟ್ ವಿಧಾನವಿದೆ. ಕೆಲವು ಆತಿಥೇಯಗಳು ಹೊರಗಿನ ಡಿಎನ್‌ಎಯನ್ನು ಅದರ ಮೇಲಿನ ಮೀಥೈಲ್ ಗುರುತುಗಳಿಂದ ಪತ್ತೆಹಚ್ಚಿ ಕತ್ತರಿಸುತ್ತವೆ. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ಗೆ ಸಾಗಿಸುವವರು ಮೀಥೈಲ್ ಗುರುತು ಹಾಕದ ಇ. ಕೋಲಿ ತಳಿಯಿಂದ ಡಿಎನ್‌ಎ ಒಯ್ಯುವುದು ಇದಕ್ಕಾಗಿಯೇ. ಪ್ಲಾಸ್ಮಿಡ್‌ನ ಪ್ರತಿಗಳ ಸಂಖ್ಯೆ ಜೀವಿಯಿಂದ ಜೀವಿಗೆ ಬದಲಾಗುವುದರಿಂದ, ಆತಿಥೇಯಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಗುಚ್ಛವನ್ನು ಪ್ರತಿಯೊಂದರ ವರ್ಣತಂತುವಿನಲ್ಲಿ ಒಂದೇ ಪ್ರತಿಯಾಗಿ ಕೂರಿಸುವುದು ಉತ್ತಮ.

ಏಳನೆಯ ಹೆಜ್ಜೆ: ಪದರ ಪದರವಾಗಿ ಪರೀಕ್ಷೆ

ಇಡೀ ಗುಚ್ಛವನ್ನು ಸೇರಿಸಿ, ಕೊನೆಯ ವಸ್ತು ಬಂತೇ ಎಂದು ಮಾತ್ರ ನೋಡುವುದು ಅತ್ಯಂತ ದುಬಾರಿ ಅಭ್ಯಾಸ. ಬರದಿದ್ದರೆ ಏಕೆ ಬರಲಿಲ್ಲ ಎಂಬುದು ತಿಳಿಯುವುದಿಲ್ಲ. ಮೊದಲು ಅದೇ ನಿಯಂತ್ರಣ ಭಾಗಗಳ ಕೆಳಗೆ ಹೊಳೆಯುವ ಪ್ರೋಟೀನ್ ಒಂದನ್ನು ಇಟ್ಟು ನಾಲ್ಕೂ ಜೀವಿಗಳಲ್ಲಿ ಅಳೆಯಿರಿ. ಹಸಿರು ಹೊಳೆವ ಪ್ರೋಟೀನ್ ಹೊಳೆಯಲು ಆಮ್ಲಜನಕ ಬೇಕು ಎಂಬುದನ್ನು ಮರೆಯಬಾರದು. ಆಮ್ಲಜನಕವಿಲ್ಲದ ಬೆಳೆಗಳಲ್ಲಿ ಅದು ಸುಳ್ಳು ಮೌನ ತೋರುತ್ತದೆ. ಆಮೇಲೆ ಪೂರ್ಣ ಗುಚ್ಛದ ಎಂಆರ್‌ಎನ್‌ಎಯನ್ನು ಅಳೆಯಿರಿ. ಆರ್‌ಎನ್‌ಎ ಅನುಕ್ರಮಣಿಕೆ ಮಾಡಿಸಿದರೆ ಯಾವ ಟರ್ಮಿನೇಟರ್ ಸೋರುತ್ತಿದೆ, ಯಾವ ಜೀನ್‌ನ ಒಳಗೆ ಕಾಣದ ಪ್ರಮೋಟರ್ ಎಚ್ಚೆತ್ತಿದೆ ಎಂಬುದು ನೇರವಾಗಿ ಕಾಣುತ್ತದೆ. ಮೂರನೆಯದಾಗಿ ದ್ರವ್ಯರಾಶಿ ರೋಹಿತಮಾಪನದಿಂದ ಪ್ರೋಟೀನ್‌ಗಳನ್ನು ನೋಡಿ. ಕೊನೆಯಲ್ಲಿ ಉತ್ಪನ್ನ.

ನಮ್ಮ ಕ್ಯಾರೊಟಿನಾಯ್ಡ್ ಗುಚ್ಛ ಈ ಕೊನೆಯ ಪದರದಲ್ಲಿ ತನ್ನ ಉಪಕಾರವನ್ನು ತೋರಿಸುತ್ತದೆ. ಜೀವಕೋಶಗಳು ಕಿತ್ತಳೆಯಾಗದೆ ಕೆಂಪಾದರೆ ಲೈಕೋಪಿನ್ ಉಳಿದಿದೆ ಎಂದರ್ಥ, ಸಿಆರ್‌ಟಿ-ವೈ ದುರ್ಬಲವಾಗಿದೆ. ಬಣ್ಣವೇ ಬರದಿದ್ದರೂ ದ್ರಾವಕದಲ್ಲಿ ತೆಗೆದ ಸಾರದಲ್ಲಿ ಫೈಟೋಯಿನ್ ಸಿಕ್ಕರೆ ತಡೆ ಸಿಆರ್‌ಟಿ-ಐಯಲ್ಲಿದೆ. ಫೈಟೋಯಿನ್ ಕೂಡ ಇಲ್ಲದಿದ್ದರೆ ಮೊದಲ ಎರಡು ಕಿಣ್ವಗಳನ್ನು, ಇಲ್ಲವೇ ಕಚ್ಚಾವಸ್ತುವನ್ನು ಸಂಶಯಿಸಬೇಕು. ಹೆಕ್ಸೇನ್‌ನಲ್ಲಿ ಲೈಕೋಪಿನ್ ಸುಮಾರು 470 ನ್ಯಾನೋಮೀಟರ್, ಬೀಟಾ-ಕ್ಯಾರೊಟಿನ್ ಸುಮಾರು 450 ನ್ಯಾನೋಮೀಟರ್ ಬೆಳಕನ್ನು ಗರಿಷ್ಠವಾಗಿ ಹೀರುತ್ತವೆ. ಎರಡರ ರೋಹಿತಗಳು ಒಂದರ ಮೇಲೊಂದು ಬೀಳುವುದರಿಂದ ಮಿಶ್ರಣವನ್ನು ವರ್ಣಲೇಖನದಿಂದ ಬೇರ್ಪಡಿಸಿ, ಶುದ್ಧ ಮಾದರಿಯೊಂದಿಗೆ ಹೋಲಿಸಿಯೇ ಪ್ರಮಾಣ ಹೇಳಬೇಕು. ಈ ವಸ್ತುಗಳು ಬೆಳಕಿಗೂ ಗಾಳಿಗೂ ಕೆಡುತ್ತವೆ, ಆದ್ದರಿಂದ ಕೆಲಸವನ್ನು ಮಂದ ಬೆಳಕಿನಲ್ಲಿ ಬೇಗ ಮುಗಿಸಬೇಕು.

ಪ್ರತಿ ಆತಿಥೇಯದಲ್ಲೂ ಗುಚ್ಛವಿಲ್ಲದ ತಳಿ, ನಿಯಂತ್ರಣ ಭಾಗವಷ್ಟೇ ಇರುವ ತಳಿ, ಒಂದು ಕಿಣ್ವವನ್ನು ನಿಷ್ಕ್ರಿಯಗೊಳಿಸಿದ ತಳಿ ಈ ಮೂರನ್ನು ಹೋಲಿಕೆಗೆ ಬೆಳೆಸಿ. ಪ್ರತ್ಯೇಕ ವಸಾಹತುಗಳಿಂದ ಕನಿಷ್ಠ ಮೂರು ಬಾರಿ ಅಳೆಯಿರಿ. ಬೆಳವಣಿಗೆಯ ವೇಗವನ್ನೂ ದಾಖಲಿಸಿ: ಗುಚ್ಛ ಹೊತ್ತ ಜೀವಿ ನಿಧಾನವಾಗಿ ಬೆಳೆಯುತ್ತಿದ್ದರೆ, ಗುಚ್ಛವನ್ನು ಮುರಿದುಕೊಂಡ ರೂಪಾಂತರಿಗಳು ಬೇಗ ಮೇಲುಗೈ ಪಡೆಯುತ್ತವೆ. ಸುಮಾರು 50 ಪೀಳಿಗೆ ಬೆಳೆಸಿ ಮತ್ತೆ ಅನುಕ್ರಮ ಓದಿಸಿದರೆ ಗುಚ್ಛ ಎಷ್ಟು ಸ್ಥಿರವಾಗಿದೆ ಎಂಬುದು ಗೊತ್ತಾಗುತ್ತದೆ.

ಎಂಟನೆಯ ಹೆಜ್ಜೆ: ತಿದ್ದುಪಡಿ

ಎಂಆರ್‌ಎನ್‌ಎ ಇದೆ, ಪ್ರೋಟೀನ್ ಇಲ್ಲ ಎಂದಾದರೆ ಮುಂಭಾಗದ ಮಡಿಕೆಯನ್ನೂ ರೈಬೋಸೋಮ್ ತಾಣವನ್ನೂ ತಿದ್ದಿ. ಪ್ರೋಟೀನ್ ಇದೆ, ಉತ್ಪನ್ನ ಇಲ್ಲ ಎಂದಾದರೆ ಎರಡನೆಯ ಹೆಜ್ಜೆಯ ಪುಟಗಳಿಗೆ ಹಿಂತಿರುಗಿ. ಯೀಸ್ಟಿನಲ್ಲಿ ಮೆವಲೊನೇಟ್ ಮಾರ್ಗದ ಎಚ್‌ಎಂಜಿ-ಕೋಎ ರಿಡಕ್ಟೇಸ್‌ನ ಮೊಟಕುಗೊಳಿಸಿದ ರೂಪವನ್ನೂ, ಬ್ಯಾಕ್ಟೀರಿಯಾಗಳಲ್ಲಿ ಎಂಇಪಿ ಮಾರ್ಗದ ಮೊದಲ ಕಿಣ್ವವನ್ನೂ ಹೆಚ್ಚಿಸಿದರೆ ಕ್ಯಾರೊಟಿನಾಯ್ಡ್ ಏರುವುದು ಚೆನ್ನಾಗಿ ತಿಳಿದ ವಿಷಯ. ಇದು ಆತಿಥೇಯದ ತಿದ್ದುಪಡಿಯೇ ಹೊರತು ಗುಚ್ಛದ ತಿದ್ದುಪಡಿಯಲ್ಲ, ಹಾಗೆಂದೇ ಅದನ್ನು ಪ್ರತ್ಯೇಕವಾಗಿ ದಾಖಲಿಸಬೇಕು.

ಕಿಣ್ವಗಳ ಪರಸ್ಪರ ಪ್ರಮಾಣವನ್ನು ಸರಿಹೊಂದಿಸಲು ಒಂದೊಂದನ್ನೇ ಬದಲಿಸುತ್ತ ಹೋಗುವುದಕ್ಕಿಂತ, ಹಲವು ಬಲದ ಭಾಗಗಳನ್ನು ಯೋಜಿತವಾಗಿ ಬೆರೆಸಿ ಹತ್ತಾರು ರೂಪಗಳನ್ನು ಒಟ್ಟಿಗೆ ಪರೀಕ್ಷಿಸುವುದು ಫಲಕಾರಿ. ಸಾರಜನಕ ಗುಚ್ಛದ ಮೇಲೆ 2014ರಲ್ಲಿ ಹೀಗೆ ಮಾಡಿದಾಗ ಚಟುವಟಿಕೆ ಮೂಲದ ಅರ್ಧಕ್ಕಿಂತ ಮೇಲಕ್ಕೆ ಏರಿತು. ಜೀನ್‌ಗಳ ಕ್ರಮ, ದಿಕ್ಕು, ಗುಂಪುಗಾರಿಕೆ ಮೂಲದಂತೆಯೇ ಇರಬೇಕೆಂದಿಲ್ಲ ಎಂಬುದೂ ಆ ಕೆಲಸದಿಂದ ಸ್ಪಷ್ಟವಾಯಿತು. ನಾಲ್ಕು ಆತಿಥೇಯಗಳಲ್ಲಿ ಒಂದರಲ್ಲಿ ಅತ್ಯುತ್ತಮವಾಗಿ, ಉಳಿದವುಗಳಲ್ಲಿ ಸಾಧಾರಣವಾಗಿ ನಡೆಯುವ ರೂಪಕ್ಕಿಂತ ನಾಲ್ಕರಲ್ಲೂ ಮಧ್ಯಮವಾಗಿ ನಡೆಯುವ ರೂಪವನ್ನೇ ಆರಿಸಿ. ಗರಿಷ್ಠ ಇಳುವರಿ ಬೇಕಾದಾಗ ಒಂದು ಆತಿಥೇಯವನ್ನು ಹಿಡಿದು ಮತ್ತೆ ತಿದ್ದಬಹುದು.

ಒಂಬತ್ತನೆಯ ಹೆಜ್ಜೆ: ಎಲ್ಲೆ ಹಾಕುವುದು

ಇದನ್ನು ಕೊನೆಯಲ್ಲಿ ಬರೆದಿದ್ದರೂ ಯೋಜನೆಯ ಮೊದಲ ದಿನವೇ ಇದನ್ನು ನಿರ್ಧರಿಸಿರಬೇಕು, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಕೈಯಲ್ಲಿರಬೇಕು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬ್ಯಾಕ್ಟೀರಿಯಾಗಳು ಪರಸ್ಪರ ಡಿಎನ್‌ಎ ವಿನಿಮಯ ಮಾಡಿಕೊಳ್ಳುತ್ತವೆ. ಸಾಧಾರಣ ಜೀನ್‌ಗುಚ್ಛ ಹಾಗೆ ದಾಟಿಹೋದರೂ ಬಹುಪಾಲು ಮೌನವಾಗಿಯೇ ಉಳಿಯುತ್ತದೆ. ನಾವು ಕಟ್ಟಿದ್ದಾದರೋ ಎಲ್ಲಿ ಹೋದರೂ ಮಾತಾಡುವಂತೆ ಕಟ್ಟಿದ್ದು. ಆದ್ದರಿಂದ ಇಲ್ಲಿ ಎಚ್ಚರಿಕೆಯ ಅಳತೆಗೋಲು ಇನ್ನೂ ಕಟ್ಟುನಿಟ್ಟಾಗಿರಬೇಕು.

ಸಾಗಣೆ ಮುಗಿದ ಮೇಲೆ ಸಂಯುಗ್ಮನದ ಆರಂಭತಾಣವನ್ನೂ ಪ್ರತಿಜೀವಕ ನಿರೋಧದ ಜೀನ್ ಅನ್ನೂ ತೆಗೆದುಹಾಕಿ. ಆತಿಥೇಯವು ಪ್ರಯೋಗಾಲಯದಲ್ಲಿ ಮಾತ್ರ ದೊರೆಯುವ ಪೋಷಕವನ್ನು ಅವಲಂಬಿಸುವಂತೆ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಕ್ಟೀರಿಯಾಗಳ ಗುಚ್ಛದಲ್ಲಿ ಟಿ7 ಪಾಲಿಮರೇಸ್‌ನ ಜೀನ್ ಅನ್ನು ಕಿಣ್ವಗಳ ಜೀನ್‌ಗಳ ಪಕ್ಕದಲ್ಲಿ ಇಡದೆ, ವರ್ಣತಂತುವಿನ ದೂರದ ಇನ್ನೊಂದು ಸ್ಥಳದಲ್ಲಿ ಕೂರಿಸಿ. ಆಗ ಎರಡರಲ್ಲಿ ಒಂದು ಮಾತ್ರ ಬೇರೆ ಜೀವಿಗೆ ದಾಟಿದರೆ ಏನೂ ನಡೆಯುವುದಿಲ್ಲ. ಇದನ್ನು ನಂಬಿ ಸುಮ್ಮನಿರಬೇಡಿ, ಪರೀಕ್ಷಿಸಿ: ಕಿಣ್ವಗಳ ಭಾಗವನ್ನು ಮಾತ್ರ, ಪಾಲಿಮರೇಸ್ ಇಲ್ಲದೆ, ಮೂರೂ ಬ್ಯಾಕ್ಟೀರಿಯಾಗಳ ಹೊಸ ತಳಿಗಳಿಗೆ ಉದ್ದೇಶಪೂರ್ವಕವಾಗಿ ಸೇರಿಸಿ, ಕೆಲವು ದಿನ ಬೆಳೆಸಿ, ಸಾರ ತೆಗೆದು ನೋಡಿ. ವಸಾಹತುಗಳು ಬಿಳಿಯಾಗಿಯೇ ಉಳಿದು, ವರ್ಣಲೇಖನದಲ್ಲಿ ಲೈಕೋಪಿನ್ ಆಗಲಿ ಫೈಟೋಯಿನ್ ಆಗಲಿ ಕಾಣಿಸದಿದ್ದರೆ ಆ ಫಲಿತಾಂಶವನ್ನೂ ಕಿತ್ತಳೆ ಬಣ್ಣದ ತಟ್ಟೆಗಳ ಚಿತ್ರಗಳ ಪಕ್ಕದಲ್ಲಿಯೇ ದಾಖಲಿಸಿ. ಎಲ್ಲಿಯಾದರೂ ತೆಳುವಾದ ಬಣ್ಣ ಮೂಡಿದರೆ ಆ ಜೀನ್‌ನ ಮುಂದೆ ಅಡಗಿರುವ ಪ್ರಮೋಟರ್ ಅನ್ನು ಹುಡುಕಿ ಅಳಿಸಿ, ನಾಲ್ಕನೆಯ ಹೆಜ್ಜೆಯಿಂದ ಮತ್ತೆ ಆರಂಭಿಸಿ.